ಅಚ್ಚಿನಲ್ಲಿ ಬಿಟ್ಟುಹೋದ ‘ಆದರೂ’

ಪ್ರೌಢಶಾಲೆಗೆ ಹೊಸದಾಗಿ ಸೇರಿದ ಗಣಿತದ ಮೇಷ್ಟರುಗಳು, ಮಿಸ್ಸುಗಳು ಆಗಾಗ ಹಳೇಬೀಡಿನ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಮಾತು. ‘ಮೇಡಂ, ಮೂವತ್ತೊಂದು ವರ್ಷ ಪಾಠ ಮಾಡಿದ್ದೀರಿ, ಏನಾದರೂ ಟಿಪ್ಸ್ ಕೊಡಿ.’ ಟಿಪ್ಸಂತೆ ಟಿಪ್ಸು! ನನ್ನ ಹತ್ತಿರ ಟಿಪ್ಸ್ ಇಲ್ಲ, ಸಿಟ್ಟಿದೆ. ನಿವೃತ್ತಿಯಾದರೆ ಸಿಟ್ಟು ಇಳಿಯುತ್ತದೆ ಅಂದಿದ್ದರು. ಯಾರು ಅಂದರೋ ಅವರು ಗಣಿತ ಹೇಳಿಕೊಟ್ಟವರಲ್ಲ.

ಎಲ್ಲಿಂದ ಎಲ್ಲಿಗೆ ವರ್ಗವಾಯಿತು, ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಒಂದೇ ಒಂದು ಪಾಠದ ವಿಚಾರ ಬರೆಯುತ್ತೇನೆ. ಸಂಭವನೀಯತೆ. ಅದರಲ್ಲೂ ದಾಳವನ್ನು ಮತ್ತೆ ಮತ್ತೆ ಎಸೆಯುವ ಲೆಕ್ಕ. ಪುಸ್ತಕದಲ್ಲಿ ನಾಲ್ಕೇ ಪುಟದ ಪಾಠ ಅದು. ಆದರೆ ನನ್ನ ನೌಕರಿಯಲ್ಲಿ ಅತಿ ಹೆಚ್ಚು ಸುಳ್ಳುಗಳನ್ನು ಕೇಳಿದ್ದು, ಹೇಳಿದ್ದು ಆ ನಾಲ್ಕು ಪುಟಗಳಲ್ಲೇ.

ಮೊದಲ ಸುಳ್ಳು ನನ್ನದೇ. ಗೆಂಡೆಹಳ್ಳಿಯಲ್ಲಿ ಮೊದಲ ನೌಕರಿ. ಸೀಮೆಸುಣ್ಣಕ್ಕೇ ಬೇಡಬೇಕಾಗಿದ್ದ ಶಾಲೆಯಲ್ಲಿ ದಾಳ ಎಲ್ಲಿಂದ ಬರಬೇಕು? ಊರಿನ ಬಡಗಿ ಪುಟ್ಟಾಚಾರಿಯವರಿಗೆ ಹೇಳಿ ಹಲಸಿನ ತುಂಡಿನಲ್ಲಿ ನಿಂಬೆಹಣ್ಣಿನ ಗಾತ್ರದ ದಾಳ ಮಾಡಿಸಿದೆ. ಮಕ್ಕಳು ಅರವತ್ತು ಸಲ ಎಸೆದರು. ಒಂದೊಂದು ಮುಖವೂ ಹತ್ತರ ಆಸುಪಾಸು ಬೀಳುತ್ತದೆ ಎಂದು ನಾನು ಮೊದಲೇ ಜಂಬದಿಂದ ಹೇಳಿಬಿಟ್ಟಿದ್ದೆ. ಎರಡು ಇಪ್ಪತ್ತಮೂರು ಸಲ ಬಿತ್ತು. ಐದು ಬಿದ್ದದ್ದು ಮೂರೇ ಸಲ. ಇಡೀ ತರಗತಿ ನನ್ನ ಮುಖ ನೋಡುತ್ತಿದೆ. ಏನು ಮಾಡಿದೆ ಗೊತ್ತೆ? ‘ಏನೇ ಬಿದ್ದಿರಲಿ, ಎಲ್ಲದರ ಮುಂದೂ ಹತ್ತು ಹತ್ತು ಅಂತ ಬರ್ಕೊಳ್ಳಿ’ ಅಂದೆ. ಪಾಪ, ಬರೆದುಕೊಂಡವು. ಕಣ್ಣಾರೆ ಕಂಡದ್ದನ್ನು ಅಳಿಸಿ ಮೇಷ್ಟರು ಹೇಳಿದ್ದನ್ನು ಬರೆಯಿರಿ ಎಂದು ಕಲಿಸಿದವಳು ನಾನು.

ಸಂಜೆ ಪುಟ್ಟಾಚಾರಿಯವರ ಹತ್ತಿರ ಹೋಗಿ ರೇಗಾಡಿದೆ. ಅವರು ದಾಳವನ್ನು ಅಂಗೈಯಲ್ಲಿ ತೂಗಿ ನೋಡಿ, ‘ಮೇಡಮ್ಮೋರೆ, ಈ ಐದು ಚುಕ್ಕಿ ಇಟ್ಟಿರೋ ಮಗ್ಗಲಲ್ಲಿ ಗಂಟೈತೆ, ಆ ಕಡೀಕೇ ಭಾರ. ಅದು ಕೆಳೀಕೇ ಹೋಗ್ತದೆ. ಎಲ್ಲಾ ಮಗ್ಗಲೂ ಒಂದೇ ಸಮ ಇರ್ಬೇಕು ಅಂತ ನೀವು ಹೇಳ್ಳೇ ಇಲ್ವಲ್ಲ?’ ಅಂದರು. ‘ಪ್ರತಿ ಮುಖವೂ ಸಮಾನ ಸಂಭವ’ ಎಂಬ ಷರತ್ತನ್ನು ನಾನು ಪುಸ್ತಕದಿಂದ ಬೋರ್ಡಿಗೆ ಎಷ್ಟು ಸಲ ಬರೆದಿದ್ದೆನೋ! ಅದರ ಅರ್ಥ ತಿಳಿದಿದ್ದದ್ದು ಆ ಪುಣ್ಯಾತ್ಮರಿಗೆ. ಮಾರನೆಯ ದಿನ ಮಕ್ಕಳ ಹತ್ತಿರ ಹತ್ತುಗಳನ್ನೆಲ್ಲ ಹೊಡೆದುಹಾಕಿಸಿದೆ. ನಾಚಿಕೆಯಾಯಿತು, ಆದರೆ ಆ ತರಗತಿಯ ಪಾಠ ಚೆನ್ನಾಗಿ ಆಯಿತು.

ಎರಡನೆಯ ಸುಳ್ಳು ಮೇಲಿನಿಂದ ಬಂತು. ಆಗ ನಾನು ಅರಸೀಕೆರೆಯಲ್ಲಿದ್ದೆ. ಒಬ್ಬ ವಿಷಯ ಪರಿವೀಕ್ಷಕರು ತರಗತಿ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ದಾಳವನ್ನು ಆರು ಸಲ ಎಸೆದರೆ ಒಂದು ಸಲವಾದರೂ ಆರು ಬೀಳುವ ಸಂಭವ ಎಷ್ಟು ಎಂದು ಮಕ್ಕಳನ್ನು ಕೇಳಿದೆ. ಒಂದು ಹುಡುಗಿ ಎದ್ದು, ‘ಒಂದು ಸಲಕ್ಕೆ ಆರನೇ ಒಂದು ಮಿಸ್. ಆರು ಸಲಕ್ಕೆ ಆರು ಆರನೇ ಒಂದು, ಅಂದ್ರೆ ಒಂದು. ಬಿದ್ದೇ ಬೀಳ್ತದೆ’ ಅಂದಳು. ಎಲ್ಲ ಮಕ್ಕಳೂ ಮಾಡುವ ತಪ್ಪು ಅದು. ಅದನ್ನು ಮಾಡಿಸಿ, ಆಮೇಲೆ ಮುರಿಯುವುದೇ ಪಾಠ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ, ‘ವೆರಿ ಗುಡ್! ಕೂತ್ಕೊಳಮ್ಮ’ ಎಂದು ಸಾಹೇಬರು ಚಪ್ಪಾಳೆ ತಟ್ಟಿದರು.

ನನಗೆ ಎಲ್ಲಿತ್ತೋ ರೋಷ. ‘ಸರ್, ಹಾಗಾದರೆ ಏಳು ಸಲ ಎಸೆದರೆ ಆರನೇ ಏಳು ಆಗುತ್ತಲ್ಲ? ಒಂದಕ್ಕಿಂತ ಜಾಸ್ತಿ ಸಂಭವನೀಯತೆ ಎಲ್ಲಾದರೂ ಉಂಟೇ?’ ಅಂದೆ.

‘ಏಳು ಸಲ ಯಾಕ್ರೀ ಎಸೀತೀರಿ? ಸಿಲಬಸ್ಸಲ್ಲಿ ಇಲ್ಲ’ ಅಂದರು.

ಎಸೆಯಬಾರದಂತೆ! ಅವರು ಹೊರಗೆ ಹೋದ ಮೇಲೆ ನಲವತ್ತೆರಡು ಮಕ್ಕಳ ಕೈಯಲ್ಲೂ ಲೂಡೋ ಡಬ್ಬಿಯ ದಾಳ ಕೊಟ್ಟು ಆರಾರು ಸಲ ಎಸೆಯಿಸಿದೆ. ಒಂದು ಸಲವೂ ಆರು ಬೀಳದವರು ಎದ್ದು ನಿಲ್ಲಿ ಅಂದೆ. ಹದಿನಾಲ್ಕು ಮಕ್ಕಳು ಎದ್ದರು. ಉತ್ತರ ಹೇಳಿದ್ದ ಹುಡುಗಿಯೂ ಎದ್ದು ನಿಂತು ತಾನೇ ನಗುತ್ತಿದ್ದಳು. ಆರು ಬಾರದೇ ಇರುವ ಸಂಭವವನ್ನು ಮೊದಲು ಲೆಕ್ಕ ಹಾಕಿ, ಅದನ್ನು ಒಂದರಿಂದ ಕಳೆಯಬೇಕು ಎಂಬುದು ಅವತ್ತು ಅವರಿಗೆ ತಲೆಗೆ ಹೋಯಿತು. ಸಾಹೇಬರ ತಲೆಗೆ ಹೋಗಲಿಲ್ಲ. ‘ಶಿಕ್ಷಕಿಯು ಮೇಲಧಿಕಾರಿಗಳೊಂದಿಗೆ ವಿನಯದಿಂದ ವರ್ತಿಸುವುದನ್ನು ರೂಢಿಸಿಕೊಳ್ಳತಕ್ಕದ್ದು’ ಎಂದು ಬರೆದಿಟ್ಟು ಹೋದರು. ರೂಢಿಸಿಕೊಳ್ಳಲಿಲ್ಲ.

ಆಮೇಲೆ ಮಾದಿಹಳ್ಳಿಗೆ ಬಂದೆ. ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಅಲ್ಲಿನ ಮಕ್ಕಳೇ ನನಗೆ ಒಂದು ದಾರಿ ತೋರಿಸಿಕೊಟ್ಟರು. ಊಟದ ಬಿಡುವಿನಲ್ಲಿ ಜಗಲಿಯ ಮೇಲೆ ಚೌಕಾಬಾರದ ಮನೆ ಗೀಚಿಕೊಂಡು, ಉಜ್ಜಿದ ಹುಣಸೆ ಬೀಜ ಎಸೆದು ಆಡುತ್ತಿದ್ದವು. ಚೌಕಾಬಾರದಲ್ಲಿ ಪ್ರತಿ ಚೌಕಕ್ಕೂ ‘ಮನೆ’ ಎಂದೇ ಹೆಸರು. ನಾನೂ ಬೋರ್ಡಿನ ಮೇಲೆ ಆರು ಸಾಲು, ಆರು ಕಂಬದ ಮನೆ ಎಳೆದೆ. ದಾಳ ಎರಡು ಸಲ ಎಸೆದರೆ ಏನೇನು ಬೀಳಬಹುದೋ ಅದೆಲ್ಲ ಈ ಮೂವತ್ತಾರು ಮನೆಯೊಳಗಿದೆ. ಮೊದಲ ಸಲ ಆರು ಬೀಳುವುದು ಕೊನೆಯ ಸಾಲಿನ ಆರು ಮನೆ. ಎರಡನೆಯ ಸಲ ಆರು ಬೀಳುವುದು ಕೊನೆಯ ಕಂಬದ ಆರು ಮನೆ. ಸಾಲೂ ಕಂಬವೂ ಸೇರುವ ಮೂಲೆಯಲ್ಲಿ ಒಂದು ಮನೆ, ಎರಡು ಸಲವೂ ಆರು ಬಿದ್ದದ್ದು.

ಜಗಳವೆಲ್ಲ ಆ ಮೂಲೆ ಮನೆಯದ್ದೇ. ಅದನ್ನು ಎರಡು ಸಲ ಎಣಿಸಿದರೆ ಹನ್ನೆರಡು, ಅದು ತಪ್ಪು. ಒಂದು ಸಲ ಎಣಿಸಿದರೆ ಹನ್ನೊಂದು, ಅದು ‘ಒಂದು ಬಾರಿಯಾದರೂ ಆರು ಬೀಳುವುದು’. ಅದನ್ನು ಬಿಟ್ಟೇಬಿಟ್ಟರೆ ಹತ್ತು, ಅದು ‘ಒಂದು ಬಾರಿ ಆರು ಬೀಳುವುದು’. ಒಂದು ‘ಆದರೂ’ ಇದ್ದರೆ ಮೂಲೆ ಮನೆ ಒಳಗೆ, ಇಲ್ಲದಿದ್ದರೆ ಹೊರಗೆ. ಕನ್ನಡದಲ್ಲಿ ಎಷ್ಟು ಚೊಕ್ಕವಾಗಿದೆ ನೋಡಿ! ಮಾದಿಹಳ್ಳಿಯ ಮಕ್ಕಳಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿ ಬರಲಿಲ್ಲ.

ಅದೇ ಹೊತ್ತಿಗೆ ಬೇಲೂರಿನಲ್ಲಿ ಒಂದು ಟ್ಯೂಷನ್ ಅಂಗಡಿ ಶುರುವಾಗಿತ್ತು. ಅಂಗಡಿ ಎಂದೇ ಬರೆಯುತ್ತೇನೆ. ಅಲ್ಲಿನ ಮಹಾಶಯರು ಮೊಬೈಲಿನಲ್ಲಿ ವೀಡಿಯೊ ಬಿಡುತ್ತಿದ್ದರು. ‘ದಾಳ ಎರಡು ಸಲ ಅಂತ ಕಂಡರೆ ಕೆಳಗೆ ಮೂವತ್ತಾರು, ಆರು ಅಂತ ಕಂಡರೆ ಮೇಲೆ ಹನ್ನೊಂದು. ಕಣ್ಮುಚ್ಚಿ ಬರೀರಿ, ಅಂಕ ನಿಮ್ಮದು.’ ಕಣ್ಣು ಮುಚ್ಚಿಕೊಂಡು ಬರೆಯುವುದನ್ನು ಕಲಿಸಲಿಕ್ಕೂ ಗುರುಗಳು! ಮನೆ ಎಳೆದು ಎಣಿಸುವ ನನ್ನ ಮಕ್ಕಳನ್ನು ಅಲ್ಲಿಗೆ ಹೋಗುವ ಮಕ್ಕಳು ‘ಏನ್ರೋ, ಪರೀಕ್ಷೆಲೂ ಚೌಕಾಬಾರ ಆಡ್ತೀರಾ?’ ಎಂದು ಆಡಿಕೊಳ್ಳುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಅರಸೀಕೆರೆಯಲ್ಲಿ ಒಂದು ಟ್ರಸ್ಟ್ ಇತ್ತು, ಹೆಸರು ಬೇಡ. ಹತ್ತನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳಿಗೆ ಪ್ರವೇಶ ಪರೀಕ್ಷೆ ಮಾಡಿ, ಇಪ್ಪತ್ತು ಮಂದಿಗೆ ಹಾಸ್ಟೆಲಿನಲ್ಲಿ ಇಟ್ಟುಕೊಂಡು ಪಿಯುಸಿ ಸೈನ್ಸ್ ಉಚಿತವಾಗಿ ಓದಿಸುತ್ತಿದ್ದರು. ಕೆಲಸ ಒಳ್ಳೆಯದೇ. ಇಂಗ್ಲಿಷಿನಲ್ಲಿ ಬಂದ ಗಣಿತದ ಪ್ರಶ್ನೆಪತ್ರಿಕೆಯನ್ನು ಕನ್ನಡ ಮಾಡಿಕೊಡುತ್ತಿದ್ದವಳು ನಾನು. ಆರು ವರ್ಷ ಮಾಡಿಕೊಟ್ಟಿದ್ದೆ.

ನನ್ನ ಕೊನೆಯ ಬ್ಯಾಚಿನಲ್ಲಿ ಪವಿತ್ರ ಎಂಬ ಹುಡುಗಿ ಇದ್ದಳು. ಹುಲಿಕೆರೆಯವಳು. ಮನೆಯಲ್ಲಿ ಎರಡು ಹಸು, ಒಂದಿಷ್ಟು ರಾಗಿ ಹೊಲ, ತಾಯಿಯದೇ ಯಜಮಾನಿಕೆ. ಆ ತಾಯಿ ನನಗೆ ನೇರವಾಗಿಯೇ ಹೇಳಿದ್ದರು. ‘ಮೇಡಮ್ಮೋರೆ, ಹಾಸ್ಟೆಲ್ ಸಿಕ್ರೆ ಓದ್ಲಿ. ಸಿಗ್ಲಿಲ್ಲ ಅಂದ್ರೆ ದಿನಾ ಬಸ್ಸಲ್ಲಿ ಕಳ್ಸಿ ಸೈನ್ಸ್ ಓದ್ಸೋಕೆ ನನ್ ಕೈಲಿ ಆಗಕಿಲ್ಲ. ಟೈಲರಿಂಗ್ ಕಲ್ತ್ಕೊಳ್ಳಲಿ.’ ಕೋಪ ಮಾಡಿಕೊಳ್ಳಲು ನನಗೇನೂ ಸಿಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಆ ಮಗುವಿನ ಓದು ಆ ಒಂದು ಪಟ್ಟಿಯ ಮೇಲೆ ನಿಂತಿತ್ತು.

ಪಟ್ಟಿ ಬಂತು. ಪವಿತ್ರ ಇಪ್ಪತ್ತೊಂದನೆಯವಳು. ಎರಡು ಅಂಕದಲ್ಲಿ ಹೋಗಿತ್ತು.

ಅವಳು ಪ್ರಶ್ನೆಪತ್ರಿಕೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅತ್ತಿರಲಿಲ್ಲ. ‘ಮಿಸ್, ದಾಳದ ಲೆಕ್ಕಕ್ಕೆ ಉತ್ತರ ಮೂವತ್ತಾರನೇ ಹನ್ನೊಂದು ಅಂತ ಗೋಡೆ ಮೇಲೆ ಹಾಕವ್ರೆ. ಹೆಂಗೆ ಮಿಸ್? ನಾನು ಹತ್ತು ಅಂತ ಬರ್ದಿದ್ದೆ. ಮೂರು ಅಂಕದ್ದು, ಪೂರ್ತಿ ಹೋಗೈತೆ’ ಅಂದಳು. ಪತ್ರಿಕೆ ಈಸಿಕೊಂಡು ಓದಿದೆ. ‘ಒಂದು ದಾಳವನ್ನು ಎರಡು ಬಾರಿ ಎಸೆಯಲಾಗಿದೆ. ಒಂದು ಬಾರಿ ಆರು ಬೀಳುವ ಸಂಭವನೀಯತೆ ಎಷ್ಟು?’

‘ಆದರೂ’ ಇಲ್ಲ! ನಾನು ಬರೆದುಕೊಟ್ಟಿದ್ದದ್ದು ‘ಒಂದು ಬಾರಿಯಾದರೂ’. ಇಂಗ್ಲಿಷ್ ಪತ್ರಿಕೆಯಲ್ಲಿ ಸರಿಯಾಗಿಯೇ ಇತ್ತು. ಕನ್ನಡದ ಮಕ್ಕಳ ಕೈಗೆ ಕೊಟ್ಟ ಪತ್ರಿಕೆಯಲ್ಲಿ ಯಾರೋ ಅದನ್ನು ನುಂಗಿದ್ದರು. ಪವಿತ್ರ ಅಚ್ಚಾದ ಪ್ರಶ್ನೆಗೆ ಅಚ್ಚುಕಟ್ಟಾಗಿ ಉತ್ತರ ಬರೆದಿದ್ದಳು. ಅದಕ್ಕೆ ಸೊನ್ನೆ. ಟ್ಯೂಷನ್ ಅಂಗಡಿಯ ಕನ್ನಡ ಮಕ್ಕಳು ಪ್ರಶ್ನೆ ಓದದೇ ಹನ್ನೊಂದು ಗೀಚಿದ್ದವು. ಅವಕ್ಕೆ ಮೂರಕ್ಕೆ ಮೂರು. ಇದಕ್ಕಿಂತ ಅನ್ಯಾಯ ಉಂಟೇನ್ರೀ?

ಮಾರನೆಯ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಅರಸೀಕೆರೆಗೆ ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈಗುಳ ಪೋಣಿಸಿಕೊಂಡಿದ್ದೆ. ಟ್ರಸ್ಟಿನ ಕಾರ್ಯದರ್ಶಿಗಳು ಕೊಬ್ಬರಿ ಮಂಡಿಯ ದೊಡ್ಡ ಮನೆತನದವರು, ಮಾತು ಬೆಣ್ಣೆ. ಕಾಫಿ ತರಿಸಿದರು. ನಾನು ಮುಟ್ಟಲಿಲ್ಲ. ವಿಷಯ ಹೇಳಿದೆ.

‘ಅಯ್ಯೋ, ಅಷ್ಟೇ ತಾನೆ ಮೇಡಂ? ಒಂದು ಬಾರಿ ಅಂದ್ರೂ ಒಂದೇ, ಒಂದು ಬಾರಿಯಾದ್ರೂ ಅಂದ್ರೂ ಒಂದೇ. ಎರಡು ಸಲ ಬಿದ್ರೆ ಒಂದು ಸಲ ಬಿದ್ದಂಗೇ ಅಲ್ವಾ?’

‘ಒಂದೇ ಹೇಗಾಗುತ್ತೆ ಸ್ವಾಮಿ? ನಿಮ್ಮ ಡಾಕ್ಟರು ಮಾತ್ರೆ ಕೊಟ್ಟು, ದಿನಕ್ಕೆ ಒಂದು ಬಾರಿ ತಗೊಳ್ಳಿ ಅಂತಾರೆ. ಒಂದು ಬಾರಿಯಾದರೂ ತಗೊಳ್ಳಿ ಅಂತ ತಿಳ್ಕೊಂಡು ನಾಲ್ಕು ಸಲ ನುಂಗ್ತೀರಾ?’

ಅವರು ನಗಲಿಲ್ಲ. ‘ಆಯ್ತು, ಯಾರಿಗೂ ಬೇಜಾರು ಬೇಡ. ಪರೀಕ್ಷೆ ಬರೆದ ಎಲ್ಲರಿಗೂ ಮೂರು ಅಂಕ ಗ್ರೇಸ್ ಹಾಕ್ಬಿಡೋಣ’ ಅಂದರು. ನನ್ನ ಕಿವಿಗೆ ಬಿದ್ದದ್ದು ನಿಜವೋ ಸುಳ್ಳೋ ಎನ್ನಿಸಿತು. ಎಲ್ಲರಿಗೂ ಮೂರು ಹಾಕಿದರೆ ಇಪ್ಪತ್ತನೆಯವಳು ಇಪ್ಪತ್ತನೆಯವಳಾಗಿಯೇ ಇರುತ್ತಾಳೆ, ಇಪ್ಪತ್ತೊಂದನೆಯವಳು ಇಪ್ಪತ್ತೊಂದರಲ್ಲೇ ಇರುತ್ತಾಳೆ! ಮಕ್ಕಳಿಗೆ ಗಣಿತದ ಪರೀಕ್ಷೆ ಮಾಡುವವರ ಲೆಕ್ಕ ಇದು. ಎದ್ದು ನಿಂತು ಬಾಯಿಗೆ ಬಂದ ಹಾಗೆ ಮಾತಾಡಿದೆ. ಕನ್ನಡದಲ್ಲಿ ಓದಿದ್ದೇ ಈ ಮಕ್ಕಳ ತಪ್ಪಾ ಎಂದೆ. ಓದಿ ಬರೆದವಳಿಗೆ ಸೊನ್ನೆ, ಓದದವರಿಗೆ ಸೀಟು, ಇದನ್ನು ಧರ್ಮಕಾರ್ಯ ಅನ್ನುತ್ತೀರಾ ಎಂದೆ. ಕರಡು ನೋಡದೆ ಅಚ್ಚಿಗೆ ಕಳಿಸಿದ ಆ ಬೇಜವಾಬ್ದಾರಿ ಮನುಷ್ಯ ಯಾರು, ಅವರ ಹೆಸರು ಹೇಳಿ ಎಂದು ಮೇಜು ಕುಟ್ಟಿದೆ.

ಕಾರ್ಯದರ್ಶಿಗಳು ಬೀರು ತೆಗೆದು, ಒಂದು ಕಡತ ತಂದು ನನ್ನ ಮುಂದೆ ಬಿಚ್ಚಿದರು. ಕನ್ನಡ ಪತ್ರಿಕೆಯ ಕರಡು. ಹದಿನೇಳನೆಯ ಪ್ರಶ್ನೆ, ‘ಒಂದು ಬಾರಿ ಆರು ಬೀಳುವ’. ಪುಟದ ಕೆಳಗೆ ‘ಪರಿಶೀಲಿಸಲಾಗಿದೆ’ ಎಂಬ ಮೊಹರು. ಮೊಹರಿನ ಮೇಲೆ ನನ್ನ ಸಹಿ.

ಜ್ಞಾಪಕಕ್ಕೆ ಬಂತು. ಬೇಲೂರಿನ ಬಸ್ ಸ್ಟ್ಯಾಂಡ್ ಪಕ್ಕದ ಡಿಟಿಪಿ ಅಂಗಡಿಯಲ್ಲಿ ಕರಡು ಕೊಟ್ಟಿದ್ದರು. ಹೊರಗೆ ಹಳೇಬೀಡು ಬಸ್ಸು ಹಾರನ್ ಹೊಡೆಯುತ್ತಿತ್ತು. ನಾನೇ ಬರೆದದ್ದು ತಾನೆ, ಅದರಲ್ಲಿ ಓದುವುದೇನಿದೆ ಎಂದು ನಾಲ್ಕು ಹಾಳೆಗೂ ನಿಂತುಕೊಂಡೇ ಸಹಿ ಎಳೆದು ಓಡಿದ್ದೆ. ಆ ವರ್ಷ ಒಂದೇ ಅಲ್ಲ. ಆರು ವರ್ಷವೂ ಹಾಗೆಯೇ ಮಾಡಿದ್ದೆ. ಹಿಂದಿನ ಐದು ವರ್ಷಗಳಲ್ಲಿ ಏನೇನು ಬಿಟ್ಟುಹೋಗಿತ್ತೋ, ಯಾವ ಊರಿನ ಯಾವ ಮಗು ಹೊರಗೆ ಉಳಿಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

‘ಇಲ್ಲಿಗೇ ಬಿಡೋಣ ಮೇಡಂ’ ಅಂದರು ಕಾರ್ಯದರ್ಶಿಗಳು. ದನಿ ಇನ್ನೂ ಮೃದುವಾಗಿತ್ತು. ‘ನಿಮ್ಮ ನಿವೃತ್ತಿ ಹತ್ರ ಬಂತು. ನಮ್ಮ ಸಮಾರಂಭದಲ್ಲಿ ನಿಮಗೆ ಸನ್ಮಾನ ಇಟ್ಕೊಂಡಿದ್ದೀವಿ. ಸುಮ್ನೆ ಹೆಸರು ಯಾಕೆ ಕೆಡಿಸ್ಕೊಳ್ತೀರಿ?’

ಆಗ ಬಂದ ಸಿಟ್ಟು ನನ್ನ ಮೇಲೆ ಎಷ್ಟೋ ಅವರ ಮೇಲೂ ಅಷ್ಟೇ. ನನ್ನ ತಪ್ಪನ್ನು ತೋರಿಸಿ ಆ ಮಗುವಿನ ಬಾಯಿ ಮುಚ್ಚಿಸುವ ಉಪಾಯ! ತಪ್ಪು ನನ್ನದಾದರೆ ಅವಳ ಉತ್ತರ ತಪ್ಪಾಗುತ್ತದೆಯೇ? ‘ಏನು ಬರೆದುಕೊಟ್ಟರೆ ಮತ್ತೆ ಮೌಲ್ಯಮಾಪನ ಮಾಡ್ತೀರಿ, ಹೇಳಿ’ ಅಂದೆ.

‘ತಪ್ಪು ಸಂಪೂರ್ಣ ನಿಮ್ಮದೇ ಅಂತ ಬರ್ಕೊಡಬೇಕಾಗ್ತದೆ. ಕಮಿಟಿ ಮುಂದೆ ಓದಬೇಕಾಗ್ತದೆ.’

‘ಹಾಳೆ ಕೊಡಿ’ ಅಂದೆ. ಬರೆದೆ. ಈ ಸಲ ಬರೆದದ್ದನ್ನು ಮೂರು ಸಲ ಓದಿ ಸಹಿ ಹಾಕಿದೆ.

ಕಮಿಟಿಯ ಮುಂದೆ ಓದಿದರು. ಎರಡು ತಾಲ್ಲೂಕಿನ ಮೇಷ್ಟರುಗಳ ಬಾಯಲ್ಲೂ ಅದು ಓಡಾಡಿತು. ಸನ್ಮಾನ ನಿಂತಿತು, ಅನುವಾದದ ಕೆಲಸವೂ ನಿಂತಿತು. ನಿಲ್ಲಲಿ. ಕನ್ನಡ ಪತ್ರಿಕೆ ಬರೆದ ಮಕ್ಕಳ ಉತ್ತರಗಳನ್ನು ಹೊರತೆಗೆದರು. ಹನ್ನೊಂದು ಮಕ್ಕಳು ಪವಿತ್ರಳ ಹಾಗೆಯೇ ‘ಹತ್ತು’ ಎಂದು ಬರೆದಿದ್ದವು. ಎಲ್ಲರಿಗೂ ಮೂರು ಅಂಕ ಬಂತು. ಮೊದಲೇ ಪಟ್ಟಿಯಲ್ಲಿದ್ದ ಯಾರನ್ನೂ ತೆಗೆಯಲಿಲ್ಲ, ಹಾಸ್ಟೆಲಿನಲ್ಲಿ ಎರಡು ಮಂಚ ಜಾಸ್ತಿ ಹಾಕಿದರು. ಒಂದು ಪವಿತ್ರಳಿಗೆ, ಇನ್ನೊಂದು ಬಾಣಾವರದ ಕಡೆಯ ಹುಡುಗಿಗೆ.

ಸುದ್ದಿ ಹೇಳಲು ನಾನೇ ಹುಲಿಕೆರೆಗೆ ಹೋದೆ. ಪವಿತ್ರಳ ತಾಯಿ ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಓಡಿ ಬಂದರು. ಬೇಡ ಬೇಡವೆಂದರೂ ಗಟ್ಟಿ ಹಾಲಿನ ಕಾಫಿ ಕಾಯಿಸಿಕೊಟ್ಟರು. ‘ನೀವೊಬ್ರು ಇಲ್ದಿದ್ರೆ ನನ್ ಮಗೀನ ಓದು ಮಣ್ಣಾಗಿ ಹೋಗ್ತಿತ್ತು ಮೇಡಮ್ಮೋರೆ. ಯಾವನೋ ಕಣ್ಣಿಲ್ದೋನು ಮಾಡಿದ ತಪ್ಪಿಗೆ ನೀವು ಹೋಗಿ ಹೊಡ್ದಾಡಿದ್ರಂತೆ. ನೀವು ದೇವ್ರಂತೋರು’ ಎಂದು ಕೈ ಮುಗಿದರು.

ಕಾಫಿ ಲೋಟ ಕೆಳಗಿಟ್ಟೆ. ಅಲ್ಲಿ ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ಏನೂ ನಷ್ಟವಿರಲಿಲ್ಲ. ಸುಮ್ಮನಿರಲು ಆಗಲಿಲ್ಲ. ‘ಅಮ್ಮಾ, ಆ ಕಣ್ಣಿಲ್ಲದವಳು ನಾನೇ. ಕರಡು ನೋಡಿದ್ದೀನಿ ಅಂತ ಸಹಿ ಹಾಕಿದವಳು ನಾನು’ ಅಂದೆ.

ಆಯಮ್ಮ, ‘ಅಯ್ಯೋ, ಬುಡಿ ಅತ್ಲಾಗೆ, ಎಲ್ಲರಿಗೂ ಆಗ್ತದೆ’ ಅಂದು ಲೋಟ ತೆಗೆದುಕೊಂಡು ಒಳಗೆ ಹೋದರು.

ಪವಿತ್ರ ಬಾಗಿಲ ಚೌಕಟ್ಟಿಗೆ ಒರಗಿಕೊಂಡು ನನ್ನನ್ನೇ ನೋಡುತ್ತಿದ್ದಳು.

‘ನೀವು ಓದಿರ್ಲಿಲ್ವಾ ಮಿಸ್?’

‘ಇಲ್ಲ ಕಣೇ. ಓದಿರಲಿಲ್ಲ.’

ಅವಳ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹಾಜರಿ ಹೇಳುವಷ್ಟೇ ಸಾದಾ ದನಿಯಲ್ಲಿ ಅಂದಳು.

‘ನಾವು ಓದಿದ್ವಿ ಮಿಸ್.’